ಹಳೆಯ ಬೈಕು ಮಿಸ್ ಹೊಡೆದು ಆಫ್ ಆಗುತ್ತಿದ್ದರೆ: ಕಡಿಮೆ ಖರ್ಚಿನಲ್ಲಿ ದೋಷ ಪತ್ತೆ ಮಾಡುವ ಕ್ರಮ

1985ರಲ್ಲಿ ಬಂದ ಸಿಡಿ 100, 1994ರಲ್ಲಿ ಬಂದ ಸ್ಪ್ಲೆಂಡರ್ ಮತ್ತು ಅವುಗಳ ಓರಗೆಯ, ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಇರುವ ಬೈಕುಗಳು ನಮ್ಮ ಊರುಗಳಲ್ಲಿ ಇನ್ನೂ ದುಡಿಯುತ್ತಿವೆ. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯ ತಗ್ಗಿಸುವ ಬಿಎಸ್ 6 ನಿಯಮ ಜಾರಿಯಾದ ಮೇಲೆ ಹೊಸ ಬೈಕುಗಳಿಗೆ ಫ್ಯೂಯೆಲ್ ಇಂಜೆಕ್ಷನ್ ಬಂದಿದ್ದರೂ, ಬೆಳಗಿನ ಜಾವ ಡೈರಿಗೆ ಹಾಲಿನ ಕ್ಯಾನು ಹೊರುವುದು, ಸಂತೆಗೆ ತರಕಾರಿ ಮೂಟೆ ಸಾಗಿಸುವುದು ಬಹುಪಾಲು ಈ ಹಳೆಯ ಗಾಡಿಗಳೇ. ಇಂಥ ಗಾಡಿ ದಾರಿಯಲ್ಲಿ ಮಿಸ್ ಹೊಡೆದು ನಿಲ್ಲತೊಡಗಿದಾಗ ಅದರ ಮಾಲೀಕನಿಗೆ ಆ ದಿನದ ದುಡಿಮೆಯೂ ನಿಲ್ಲುತ್ತದೆ. ಅವಸರದಲ್ಲಿ ಒಂದರ ಹಿಂದೆ ಒಂದು ಬಿಡಿಭಾಗ ಬದಲಿಸುವುದರಿಂದ ದುಡ್ಡು ಹೋಗುತ್ತದೆಯೇ ಹೊರತು ದೋಷ ಹೋಗುವುದಿಲ್ಲ. ಆದ್ದರಿಂದ ಮೊದಲು ದುಡ್ಡು ಬೇಡದ ಪರೀಕ್ಷೆಗಳನ್ನು ಮುಗಿಸಿ, ದೋಷ ಯಾವ ಕಡೆ ಇದೆ ಎಂದು ಖಚಿತವಾದ ಮೇಲಷ್ಟೇ ಅಂಗಡಿಗೆ ಹೋಗಬೇಕು.

ಎಂಜಿನ್ ಓಡಲು ಪೆಟ್ರೋಲ್, ಗಾಳಿ, ಸರಿಯಾದ ಹೊತ್ತಿಗೆ ಬೀಳುವ ಕಿಡಿ ಮತ್ತು ಸಿಲಿಂಡರಿನೊಳಗಿನ ಒತ್ತಡ ಬೇಕು. ಗಾಡಿ ನಿಂತ ಆ ಗಳಿಗೆಯಲ್ಲಿ ಇವುಗಳಲ್ಲಿ ಯಾವುದು ತಪ್ಪಿತು ಎಂಬುದೊಂದೇ ಪ್ರಶ್ನೆ. ಹತ್ತು ನಿಮಿಷ ತಣ್ಣಗಾಗಿ ಮತ್ತೆ ಸ್ಟಾರ್ಟ್ ಆದ ಗಾಡಿಯನ್ನು ಪರೀಕ್ಷಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಗ್ಯಾರೇಜಿನ ಮುಂದೆ ಗಾಡಿ ಚೆನ್ನಾಗಿ ಓಡಿ, ಊರು ದಾಟಿದ ಮೇಲೆ ಕೈಕೊಡುವುದರ ಗುಟ್ಟು ಇದೇ. ಒಂದು ಪ್ಲಗ್ ಪಾನಾ, ಸ್ಕ್ರೂಡ್ರೈವರ್, ಒಂದು ಪಾರದರ್ಶಕ ನೀರಿನ ಬಾಟಲಿ, ಹಳೆಯ ಬಟ್ಟೆ, ಸಾಧ್ಯವಾದರೆ ಚಾಲ್ತಿಯಲ್ಲಿರುವ ಇನ್ನೊಂದು ಪ್ಲಗ್, ಇಷ್ಟನ್ನು ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದರೆ ಗಾಡಿ ನಿಂತ ಜಾಗದಲ್ಲೇ ಅರ್ಧ ಉತ್ತರ ಸಿಗುತ್ತದೆ.

ಗಾಡಿ ಹೇಗೆ ನಿಲ್ಲುತ್ತದೆ ಎಂಬುದನ್ನು ಗಮನಿಸಿ

ಸ್ವಿಚ್ ಆಫ್ ಮಾಡಿದಂತೆ ಒಮ್ಮೆಗೇ ಸದ್ದಡಗಿದರೆ ಅನುಮಾನ ಕರೆಂಟಿನ ಕಡೆಗೆ ಹೋಗಬೇಕು. ಆಕ್ಸಿಲರೇಟರ್ ಕೊಟ್ಟರೂ ಏರದೆ, ಎಳೆತ ಕಡಿಮೆಯಾಗುತ್ತಾ, ಕೆಮ್ಮಿದಂತೆ ಮಾಡಿ ನಿಧಾನವಾಗಿ ನಿಂತರೆ ಪೆಟ್ರೋಲ್ ಸಾಲುತ್ತಿಲ್ಲ ಎಂದು ತಿಳಿಯಬೇಕು. ಹಾಗೆ ನಿಲ್ಲುವ ಮುಂಚೆ ಚೋಕ್ ಎಳೆದಾಗ ಎಂಜಿನ್ ಸ್ವಲ್ಪ ಚೇತರಿಸಿಕೊಂಡರೆ ಈ ಅನುಮಾನ ಇನ್ನೂ ಗಟ್ಟಿಯಾಗುತ್ತದೆ, ಏಕೆಂದರೆ ಚೋಕ್ ಗಾಳಿಯನ್ನು ತಗ್ಗಿಸಿ ಪೆಟ್ರೋಲಿನ ಪಾಲನ್ನು ಹೆಚ್ಚಿಸುತ್ತದೆ. ಸಿಗ್ನಲ್‌ನಲ್ಲಿ ಆಕ್ಸಿಲರೇಟರ್ ಬಿಟ್ಟ ಕೂಡಲೇ ಆಫ್ ಆಗಿ, ಓಡುವಾಗ ಮಾತ್ರ ಸರಿಯಿದ್ದರೆ ಸ್ಲೋ ಜೆಟ್ (ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲ್ ಕೊಡುವ, ಕಾರ್ಬುರೇಟರಿನೊಳಗಿನ ಸಣ್ಣ ರಂಧ್ರದ ತಿರುಪು) ಕಟ್ಟಿಕೊಂಡಿರುವ ಸಂಭವ ಹೆಚ್ಚು. ಏರಿನಲ್ಲಿ, ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ತಡವರಿಸಿದರೆ ಹೆಚ್ಚು ಪೆಟ್ರೋಲ್ ಕೊಡುವ ಮೇನ್ ಜೆಟ್, ಟ್ಯಾಂಕಿನ ಕೆಳಗಿನ ನಲ್ಲಿಯಾದ ಪೆಟ್ರೋಲ್ ಕಾಕ್ ಅಥವಾ ಪೆಟ್ರೋಲ್ ಫಿಲ್ಟರ್ ಕಡೆ ನೋಡಬೇಕು. ಮಳೆಯಲ್ಲಿ ಮಾತ್ರ ಬರುವ ತೊಂದರೆ ಪ್ಲಗ್ ಕ್ಯಾಪಿನದು ಅಥವಾ ಅದಕ್ಕೆ ಬರುವ ದಪ್ಪ ವೈರಿನದು. ಹ್ಯಾಂಡಲ್ ತಿರುಗಿಸಿದಾಗಲೋ ಗುಂಡಿಗೆ ಇಳಿದಾಗಲೋ ನಿಂತರೆ, ಹ್ಯಾಂಡಲ್ ಬುಡದಲ್ಲಿ ನೂರಾರು ಸಲ ಮಡಚಿ ಮಡಚಿ ಒಳಗೇ ತುಂಡಾದ ವೈರು ಅಥವಾ ಸಡಿಲವಾದ ಕೀ ಸ್ವಿಚ್ ಕಾರಣವಾಗಿರುತ್ತದೆ.

ಇವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಎಷ್ಟು ಕಿಲೋಮೀಟರ್ ಓಡಿತ್ತು, ಎಂಜಿನ್ ಬಿಸಿಯಾಗಿತ್ತೇ, ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಇತ್ತು, ಎಷ್ಟು ಹೊತ್ತಿನ ಮೇಲೆ ಮತ್ತೆ ಸ್ಟಾರ್ಟ್ ಆಯಿತು ಎಂಬ ನಾಲ್ಕು ಸಂಗತಿಗಳು ಮೂರು ಸಲ ದಾಖಲಾದರೆ ದೋಷದ ಮುಖ ತಾನಾಗಿ ಕಾಣತೊಡಗುತ್ತದೆ.

ಟ್ಯಾಂಕಿನ ಮುಚ್ಚಳ

ನನ್ನ ಬೈಕು ಒಂದು ಬೇಸಿಗೆಯಿಡೀ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಮಂಡಗದ್ದೆಯ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಊರಿನ ಒಂದು ಗ್ಯಾರೇಜಿನಲ್ಲಿ ಪ್ಲಗ್ ಬದಲಾಯಿತು, ಆಮೇಲೆ ಪ್ಲಗ್ಗಿಗೆ ಜೋರು ಕರೆಂಟು ಕೊಡುವ ಕಾಯಿಲ್ ಬದಲಾಯಿತು, ಕೊನೆಗೆ ಕಾರ್ಬುರೇಟರನ್ನೇ ಹೊಸದು ಹಾಕಬೇಕೆಂಬ ಮಾತೂ ಬಂತು. ಒಂದು ಮಧ್ಯಾಹ್ನ ಗಾಡಿ ನಿಂತಾಗ, ಪೆಟ್ರೋಲ್ ಇದೆಯೋ ಇಲ್ಲವೋ ನೋಡೋಣವೆಂದು ಟ್ಯಾಂಕಿನ ಮುಚ್ಚಳಕ್ಕೆ ಕೀಲಿ ತಿರುಗಿಸಿದೆ. ಮುಚ್ಚಳ ಸಡಿಲವಾಗುತ್ತಿದ್ದಂತೆ 'ಸುಸ್' ಎಂದು ಗಾಳಿ ಒಳಕ್ಕೆ ನುಗ್ಗಿದ ಸದ್ದು ಕೇಳಿಸಿತು. ಮುಚ್ಚಳ ಹಾಕಿ ಎರಡು ನಿಮಿಷ ಬಿಟ್ಟು ಕಿಕ್ ಹೊಡೆದರೆ ಗಾಡಿ ಸ್ಟಾರ್ಟ್. ಟ್ಯಾಂಕಿನಿಂದ ಪೆಟ್ರೋಲ್ ಇಳಿದಷ್ಟೂ ಅದರ ಜಾಗಕ್ಕೆ ಗಾಳಿ ಬರಬೇಕು. ಮುಚ್ಚಳದಲ್ಲಿರುವ ಆ ಸಣ್ಣ ರಂಧ್ರದಲ್ಲಿ ಕೆಂಪು ಧೂಳೂ ಪಾಲಿಶಿನ ಮೇಣವೂ ಸೇರಿ ಗಟ್ಟಿಯಾಗಿ ಕೂತಿದ್ದವು. ಸೋಪಿನ ನೀರಿನಲ್ಲಿ ನೆನೆಸಿ, ತೊಳೆದು, ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹೊಡೆಸಿದ ಮೇಲೆ ಆ ತೊಂದರೆ ಮರುಕಳಿಸಲಿಲ್ಲ. ಅಂದಿನಿಂದ ಯಾರ ಬೈಕು ನಿಂತರೂ ನಾನು ಮೊದಲು ಮುಟ್ಟುವುದು ಮುಚ್ಚಳವನ್ನೇ.

ಕಿಡಿ ನೋಡುವ ಬಗೆ

ಕಿಡಿಯ ಪರೀಕ್ಷೆಯನ್ನು ಪೆಟ್ರೋಲ್ ಮುಟ್ಟುವ ಮೊದಲೇ ಮಾಡಬೇಕು, ನೆಲಕ್ಕೆ ಪೆಟ್ರೋಲ್ ಚೆಲ್ಲಿದ್ದರೆ ಮಾಡಲೇಬಾರದು. ಎಂಜಿನ್ ಬಿಸಿಯಿರುತ್ತದೆ, ಕೈಗೆ ಬಟ್ಟೆ ಸುತ್ತಿಕೊಳ್ಳಿ. ಪ್ಲಗ್ ಬಿಚ್ಚದೆ, ಕ್ಯಾಪನ್ನು ಮಾತ್ರ ಕಿತ್ತು ಅದಕ್ಕೆ ಇನ್ನೊಂದು ಪ್ಲಗ್ ಸಿಕ್ಕಿಸಿ, ಆ ಪ್ಲಗ್ಗಿನ ಲೋಹದ ಮೈ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಒತ್ತಿಕೊಂಡಿರುವಂತೆ ಇಟ್ಟು, ಕೀ ಆನ್ ಮಾಡಿ ಕಿಕ್ ಹೊಡೆಯಿರಿ. ಹೀಗೆ ಮಾಡಿದರೆ ಸಿಲಿಂಡರಿನಿಂದ ಪೆಟ್ರೋಲ್ ಆವಿ ಹೊರಬಂದು ಕಿಡಿಗೆ ತಾಗುವ ಅಪಾಯ ಇರುವುದಿಲ್ಲ. ಪ್ಲಗ್ ಲೋಹಕ್ಕೆ ತಾಗದಿದ್ದರೆ ಕಾಯಿಲ್ ಮತ್ತು ಸಿಡಿಐ (ಕಿಡಿಯ ಹೊತ್ತನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಹಾಳಾಗಬಹುದು, ಬರಿಗೈಯಲ್ಲಿ ಹಿಡಿದರೆ ಜೋರಾಗಿ ಷಾಕ್ ಹೊಡೆಯುತ್ತದೆ. ಬಟ್ಟೆ ಒಣಗಿಸುವ ಮರದ ಕ್ಲಿಪ್ಪಿನಲ್ಲಿ ಹಿಡಿಯಬಹುದು. ನೆರಳಿನಲ್ಲಿ ನೋಡಿದಾಗ ನೀಲಿ ಬಣ್ಣದ, ಚಟಚಟ ಎನ್ನುವ ಕಿಡಿ ಪ್ರತಿ ಕಿಕ್ಕಿಗೂ ಬಂದರೆ ಕರೆಂಟಿನ ಕಡೆ ಸದ್ಯಕ್ಕೆ ಸರಿಯಿದೆ. ಬೇರೆ ಪ್ಲಗ್ಗಿನಲ್ಲಿ ಕಿಡಿ ಬಂದು ಗಾಡಿಯ ಪ್ಲಗ್ಗಿನಲ್ಲಿ ಬಾರದಿದ್ದರೆ ಪ್ಲಗ್ಗೇ ದೋಷಿ.

ಕಿಡಿ ಬಾರದಿದ್ದಾಗ ಕಾಯಿಲ್ ಕೊಳ್ಳಲು ಓಡಬೇಡಿ. ಪ್ಲಗ್ ಕ್ಯಾಪನ್ನು ಎಡಕ್ಕೆ ತಿರುಗಿಸಿದರೆ ಅದು ದಪ್ಪ ವೈರಿನಿಂದ ಕಳಚಿಕೊಳ್ಳುತ್ತದೆ. ವೈರಿನ ತುದಿಯ ತಾಮ್ರ ಹಸಿರು ಬಣ್ಣಕ್ಕೆ ತಿರುಗಿ ಪುಡಿಯಾಗಿದ್ದರೆ, ವೈರು ಸಾಕಷ್ಟು ಉದ್ದವಿದ್ದಲ್ಲಿ ಅರ್ಧ ಸೆಂಟಿಮೀಟರ್ ಕತ್ತರಿಸಿ, ಹೊಳೆಯುವ ತಾಮ್ರಕ್ಕೆ ಕ್ಯಾಪನ್ನು ಮತ್ತೆ ಬಿಗಿಯಿರಿ. ಖರ್ಚಿಲ್ಲದ ಈ ಕೆಲಸದಿಂದ ಸರಿಹೋದ ಬೈಕುಗಳನ್ನು ನಾನು ಕಂಡಿದ್ದೇನೆ. ಆಮೇಲೆ ಕಿಲ್ ಸ್ವಿಚ್ ಇದ್ದರೆ ಅದನ್ನು ಹತ್ತಾರು ಸಲ ಅತ್ತಿತ್ತ ಮಾಡಿ ನೋಡಿ, ಕಾಯಿಲ್ ಫ್ರೇಮಿಗೆ ಕೂರುವ ಕಡೆ ತುಕ್ಕನ್ನು ಉಪ್ಪುಕಾಗದದಲ್ಲಿ ಉಜ್ಜಿ ಅರ್ಥಿಂಗ್ ಸರಿಮಾಡಿ, ಸೀಟಿನ ಕೆಳಗೆ ವೈರುಗಳನ್ನು ಜೋಡಿಸುವ ಕಪ್ಲರುಗಳನ್ನು ಒಂದೊಂದಾಗಿ ಬಿಚ್ಚಿ ಒತ್ತಿ ಹಾಕಿ. ತಣ್ಣಗಿದ್ದಾಗ ಕಿಡಿ ಇದ್ದು, ಬಿಸಿಯಾಗಿ ನಿಂತಾಗ ಪ್ರತಿ ಸಲವೂ ಕಿಡಿ ಇಲ್ಲವೆಂದಾದರೆ ಮಾತ್ರ ಕಾಯಿಲ್, ಸಿಡಿಐಗೆ ಕಿಡಿಯ ಹೊತ್ತು ತಿಳಿಸುವ ಪಲ್ಸರ್ ಕಾಯಿಲ್, ಸಿಡಿಐ ಇವುಗಳ ಮೇಲೆ ಅನುಮಾನ ಪಡಬೇಕು. ಅದೇ ಮಾದರಿಯ ಬೈಕು ಇರುವ ಗೆಳೆಯರಿಂದ ಒಂದೊಂದನ್ನೇ ಅರ್ಧ ದಿನಕ್ಕೆ ಎರವಲು ತಂದು ಹಾಕಿ ನೋಡುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂಬುದು ತಿಳಿಯುವುದಿಲ್ಲ.

ಕಿಡಿಯ ಪರೀಕ್ಷೆ ಮುಗಿದ ಮೇಲೆ ಗಾಡಿಯ ಪ್ಲಗ್ಗನ್ನು ಬಿಚ್ಚಿ, ಅದರ ತುದಿಯನ್ನು ಒರೆಸುವ ಮುನ್ನ ಬಿಸಿಲಿಗೆ ಹಿಡಿದು ನೋಡಿ. ತಿಳಿಕಂದು ಬಣ್ಣವಿದ್ದರೆ ಸರಿ. ಒಣ ಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ ಅಥವಾ ಏರ್ ಫಿಲ್ಟರ್ ಕಟ್ಟಿಕೊಂಡಿದೆ. ಬೆಳ್ಳಗೆ ಸುಣ್ಣ ಬಳಿದಂತಿದ್ದರೆ ಪೆಟ್ರೋಲ್ ಕಡಿಮೆ ಅಥವಾ ಎಲ್ಲೋ ಗಾಳಿ ಸೋರುತ್ತಿದೆ. ಎಣ್ಣೆಯ ಜಿಡ್ಡಿದ್ದರೆ ಎಂಜಿನ್ ಆಯಿಲ್ ಒಳಗೆ ಸೇರುತ್ತಿದೆ ಎಂದರ್ಥ. ಅದು ದೊಡ್ಡ ಕೆಲಸದ ಸೂಚನೆ.

ಪೆಟ್ರೋಲಿನ ದಾರಿ

ಎಂಜಿನ್ ತಣಿದ ಮೇಲೆ, ಬಯಲಿನಲ್ಲಿ, ಹತ್ತಿರದಲ್ಲಿ ಬೀಡಿ, ಒಲೆ, ದೀಪ ಯಾವುದೂ ಇಲ್ಲದ ಕಡೆ ಈ ಕೆಲಸ ಮಾಡಿ. ಕಾರ್ಬುರೇಟರಿನ ಬಟ್ಟಲ ಕೆಳಗೆ ಡ್ರೈನ್ ಸ್ಕ್ರೂ ಇರುತ್ತದೆ. ಅದರ ಕೆಳಗೆ ಬಾಟಲಿ ಹಿಡಿದು, ಕಾಕ್ ಆನ್ ಇಟ್ಟು ಸ್ಕ್ರೂ ಸಡಿಲಿಸಿದರೆ ಮೊದಲು ಬಟ್ಟಲಿನ ಪೆಟ್ರೋಲ್ ಬರುತ್ತದೆ, ಆಮೇಲೆ ಟ್ಯಾಂಕಿನಿಂದ ಇಳಿಯುವ ಧಾರೆ ಕಡಿಯದೆ ಬರಬೇಕು. ತೊಟ್ಟಿಕ್ಕತೊಡಗಿದರೆ ಮುಚ್ಚಳ ತೆಗೆದು ನೋಡಿ. ಆಗಲೂ ಹಾಗೆಯೇ ಇದ್ದರೆ ಕಾಕಿನ ಜಾಲರಿ, ಫಿಲ್ಟರ್, ಮಡಚಿಕೊಂಡ ಪೈಪು, ಬಟ್ಟಲಿಗೆ ಪೆಟ್ರೋಲ್ ಬಿಡುವ, ಅಂಟಿಕೊಂಡ ಫ್ಲೋಟ್ ಸೂಜಿ ಇವುಗಳನ್ನು ಕ್ರಮವಾಗಿ ನೋಡಬೇಕು. ಬಾಟಲಿಯನ್ನು ಅಲುಗಿಸದೆ ಕಾಲು ಗಂಟೆ ಇಡಿ. ನೀರಿದ್ದರೆ ತಳದಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ, ತುಕ್ಕಿದ್ದರೆ ಕಂದು ಪುಡಿ ಕೂರುತ್ತದೆ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಈಗ ಎಲ್ಲೆಡೆ ಸಿಗುತ್ತಿದೆ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಒಂದು ಮಿತಿ ದಾಟಿದಾಗ ಆ ನೀರಿನೊಂದಿಗೆ ತಾನೂ ಬೇರ್ಪಟ್ಟು ತಳ ಸೇರುತ್ತದೆ. ಹಳೆಯ ಕಾಲದ ರಬ್ಬರ್ ಪೈಪು, ವಾಷರುಗಳೂ ಇದರಿಂದ ಉಬ್ಬಿ ಮೆತ್ತಗಾಗಬಹುದು. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವ ಗಾಡಿಯ ಕಾಕ್ ಮುಚ್ಚಿ ಬಟ್ಟಲು ಬರಿದು ಮಾಡಿಡುವುದು ಆದ್ದರಿಂದ ಮೊದಲಿಗಿಂತ ಈಗ ಹೆಚ್ಚು ಅಗತ್ಯ.

ಸ್ಲೋ ಜೆಟ್ಟನ್ನು ಸ್ವಚ್ಛ ಮಾಡುವುದು ತಾಳ್ಮೆಯ ಕೆಲಸ. ಬಟ್ಟಲು ಬಿಚ್ಚಿದರೆ ಒಳಗೆ ಹಿತ್ತಾಳೆಯ ಎರಡು ಜೆಟ್‌ಗಳು ಕಾಣುತ್ತವೆ. ಸಣ್ಣದು ಸ್ಲೋ ಜೆಟ್. ಸರಿಯಾದ ಅಳತೆಯ ಸ್ಕ್ರೂಡ್ರೈವರಿನಿಂದಲೇ ಬಿಚ್ಚಿ, ಇಲ್ಲದಿದ್ದರೆ ಮೆದು ಹಿತ್ತಾಳೆಯ ತಲೆಯ ಸೀಳು ಕಿತ್ತುಹೋಗುತ್ತದೆ. ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಆಕಾಶದ ಕಡೆ ನೋಡಿದರೆ, ಕೂದಲಿಗಿಂತ ತುಸುವೇ ದೊಡ್ಡದಾದ ರಂಧ್ರದಲ್ಲಿ ದುಂಡಗಿನ ಬೆಳಕಿನ ಚುಕ್ಕಿ ಕಾಣಬೇಕು. ಚುಕ್ಕಿ ಕಾಣದಿದ್ದರೆ ಅಥವಾ ಅರ್ಧಚಂದ್ರದಂತೆ ಕಂಡರೆ ಒಳಗೆ ಒಣಗಿದ ಪೆಟ್ರೋಲಿನ ಅಂಟು ಇದೆ. ಗುಂಡುಪಿನ್ನು, ಸೂಜಿ ಹಾಕಬೇಡಿ. ರಂಧ್ರ ದೊಡ್ಡದಾದರೆ ಜೆಟ್ ಹಾಳಾದಂತೆಯೇ. ಪೆಟ್ರೋಲಿನಲ್ಲಿ ನೆನೆಸಿ, ಹಳೆಯ ವೈರಿನಿಂದ ತೆಗೆದ ತಾಮ್ರದ ಒಂದೇ ಎಳೆಯನ್ನು ಹಾಯಿಸಿ, ಗಾಳಿ ಹೊಡೆಸಿ. ಗಾಳಿಯ ಪಾಲನ್ನು ಹೊಂದಿಸುವ ಏರ್ ಸ್ಕ್ರೂ ಬಿಚ್ಚುವುದಿದ್ದರೆ ಮೊದಲು ಅದು ಒಳಕ್ಕೆ ಎಷ್ಟು ಸುತ್ತು ಹೋಗುತ್ತದೆ ಎಂದು ಎಣಿಸಿ ಬರೆದುಕೊಳ್ಳಿ, ಮರಳಿ ಅಷ್ಟೇ ಇಡಿ.

ಏರ್ ಫಿಲ್ಟರ್ ಸ್ಪಂಜಿನದಾದರೆ ತೊಳೆದು ಒಣಗಿಸಿ ಎಣ್ಣೆ ಹಚ್ಚಬಹುದು, ಕಾಗದದ್ದನ್ನು ತೊಳೆಯಬಾರದು. ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ಜೋಡಣೆಯ ಮೇಲೆ, ಎಂಜಿನ್ ಸ್ಲೋನಲ್ಲಿ ಓಡುವಾಗ ಕೆಲವು ಹನಿ ಸೋಪಿನ ನೀರು ಹಾಕಿ; ಸದ್ದು ಬದಲಾದರೆ ಅಲ್ಲಿ ಗಾಳಿ ಸೋರುತ್ತಿದೆ.

ಎಲ್ಲವೂ ಸರಿಯಿದ್ದೂ ನಿಂತರೆ

ಕಿಡಿಯೂ ಪೆಟ್ರೋಲೂ ಸರಿಯಿದ್ದು, ಬಿಸಿಯಾದಾಗ ಮಾತ್ರ ಎಂಜಿನ್ ಸೋಲುತ್ತಿದ್ದರೆ ಟ್ಯಾಪೆಟ್ (ವಾಲ್ವಿಗೂ ಅದನ್ನು ಒತ್ತುವ ಭಾಗಕ್ಕೂ ನಡುವಿನ ಅಂತರ) ಬಿಗಿಯಾಗಿರಬಹುದು. ವಾಲ್ವ್ ಪೂರ್ತಿ ಮುಚ್ಚದೆ ಒತ್ತಡ ಸೋರಿಹೋಗುತ್ತದೆ. ಈ ಅಂತರ ಬಹಳ ಸೂಕ್ಷ್ಮವಾದದ್ದು. ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಕೈಪಿಡಿಯಲ್ಲಿ ಹೇಳಿದ ಅಳತೆಗೆ, ತೆಳು ಪಟ್ಟಿಗಳಿಂದ ಅಂತರ ಅಳೆಯುವ ಫೀಲರ್ ಗೇಜಿನಿಂದಲೇ ಇಡಬೇಕು. ಅಭ್ಯಾಸವಿಲ್ಲದವರು ಇದನ್ನು ಮೆಕ್ಯಾನಿಕ್ಕಿಗೆ ಬಿಡುವುದು ಮೇಲು, ಕೂಲಿ ಹೆಚ್ಚಾಗುವುದಿಲ್ಲ. ಕೊನೆಯದಾಗಿ, ಕೀ ಆಫ್ ಮಾಡಿ, ಪ್ಲಗ್ ಬಿಚ್ಚಿದ ರಂಧ್ರಕ್ಕೆ ಹೆಬ್ಬೆರಳು ಒತ್ತಿ ಹಿಡಿದು, ಇನ್ನೊಬ್ಬರಿಂದ ಕಿಕ್ ಹೊಡೆಸಿ. ಬೆರಳನ್ನು ಎತ್ತಿ ಎಸೆಯುವಷ್ಟು ಗಾಳಿ ಬರಬೇಕು. ಬೆರಳು ಸುಲಭವಾಗಿ ತಡೆದು ನಿಂತರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸವೆದಿದೆ. ಇನ್ನು ಪ್ಲಗ್ಗಿಗೂ ಕಾರ್ಬುರೇಟರಿಗೂ ಒಂದು ರೂಪಾಯಿ ಹಾಕದೆ, ಎಂಜಿನ್ ಕೆಲಸಕ್ಕೆ ಎಷ್ಟಾಗುತ್ತದೆ ಎಂದು ಎರಡು ಕಡೆ ಕೇಳಿಕೊಂಡು ಬನ್ನಿ. ಕೇಳಲು ಹೋಗುವಾಗ ಬರೆದಿಟ್ಟ ಚೀಟಿಯನ್ನೂ ಆ ಪ್ಲಗ್ಗನ್ನೂ ಜೊತೆಗೆ ಒಯ್ಯಿರಿ.