ಗಲ್ಲಾದಿಂದ ಎಐ ದೂರ ಇಡುವುದು ಹೇಗೆ

ಚಾಟ್‌ಜಿಪಿಟಿಯಂಥ ಎಐ ಆ್ಯಪ್ ಹೇಳಿದ ತೆರಿಗೆ ದರ ಹಾಕಿ ಅಂಗಡಿಯಲ್ಲಿ ಬಿಲ್ಲು ಕೊಟ್ಟಿರಿ ಅನ್ನಿ. ಲೆಕ್ಕ ತಪ್ಪಿದರೆ ನೋಟಿಸು ಬರುವುದು ಬಿಲ್ಲಿನ ಮೇಲಿರುವ ನಿಮ್ಮ ಜಿಎಸ್‌ಟಿ ನಂಬರಿಗೆ, ಆ್ಯಪಿಗಲ್ಲ. ಹಾಗಾಗಿ ಯಾವುದನ್ನು ಅದರ ಕೈಗೆ ಕೊಡಬಾರದು ಅಂತ ಮೊದಲೇ ಗೆರೆ ಎಳೆದುಕೊಳ್ಳಿ. ದರ, ತೆರಿಗೆ, ತೂಕ, ವಾಯಿದೆ: ಈ ನಾಲ್ಕು ಗಲ್ಲಾಕ್ಕೆ ಸೇರಿದವು. ಅಲ್ಲಿ ಕೂತವರೇ ನೋಡಿಕೊಳ್ಳಲಿ.

ತೆರಿಗೆಯಲ್ಲಿ ಅದು ಎಡವುವುದಕ್ಕೆ ಕಾರಣವಿದೆ. ಈ ಮಾದರಿಗಳು ಒಂದು ದಿನಾಂಕದವರೆಗಿನ ಬರಹ ಓದಿ ತಯಾರಾದವು. ಇಂಟರ್ನೆಟ್ ಹುಡುಕದೆ ಉತ್ತರ ಕೊಟ್ಟಾಗ ಹಳೆಯ ದರವನ್ನೇ ಒಪ್ಪಿಸಬಹುದು. ರೆಡಿಮೇಡ್ ಉಡುಪಿಗೆ ಮೊದಲು 1,000 ರೂಪಾಯಿವರೆಗೆ ಶೇ 5, ಮೇಲಾದರೆ ಶೇ 12 ಇತ್ತು. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗೆ ಶೇ 5, ಅದಕ್ಕೂ ಮೇಲಾದರೆ ಶೇ 18. 1,800 ರೂಪಾಯಿಯ ಚೂಡಿದಾರಕ್ಕೆ ಹಳೆಯ ಲೆಕ್ಕದಲ್ಲಿ 216 ರೂಪಾಯಿ ತೆರಿಗೆ, ಈಗ 90. ಮೊಳಕಾಲ್ಮೂರು ಸೀರೆಯ ಕಥೆ ಬೇರೆ. 12,000 ರೂಪಾಯಿಯದಾದರೂ ಹೊಲಿಯದ ರೇಷ್ಮೆ ಸೀರೆ ಬಟ್ಟೆಯ ಲೆಕ್ಕಕ್ಕೆ ಬರುತ್ತದೆ, ಶೇ 5 ದಾಟುವುದಿಲ್ಲ. ಎಐ ಅದನ್ನು ಉಡುಪು ಅಂದುಕೊಂಡು ಶೇ 18 ಹೇರುವುದುಂಟು. ಮಂಡಕ್ಕಿಯೂ ಹೀಗೇ: ಚೀಲದಿಂದ ಅಳೆದು ಕೊಟ್ಟರೆ ತೆರಿಗೆ ಇಲ್ಲ, ಪ್ಯಾಕೆಟ್ ಮಾಡಿ ಲೇಬಲ್ ಹಚ್ಚಿ ಮಾರಿದರೆ ಶೇ 5. "ಮಂಡಕ್ಕಿಗೆ ಜಿಎಸ್‌ಟಿ ಎಷ್ಟು?" ಅಂತ ಒಂದೇ ಸಾಲು ಕೇಳಿ ನೋಡಿ, ಎರಡರಲ್ಲಿ ಒಂದನ್ನು ಎದೆ ತಟ್ಟಿ ಹೇಳಿಬಿಡಬಹುದು. ಸಡಿಲವೋ ಪ್ಯಾಕೆಟ್ಟೋ ಅಂತ ತಿರುಗಿ ಕೇಳುವ ಬುದ್ಧಿ ಅದಕ್ಕೆ ಯಾವಾಗಲೂ ಇರುವುದಿಲ್ಲ.

ಅದಕ್ಕೇ, ನೀವು ಮಾರುವ ಎಲ್ಲ ಮಾಲಿನ ಎಚ್‌ಎಸ್‌ಎನ್ ಕೋಡು (ತೆರಿಗೆಗಾಗಿ ಮಾಲನ್ನು ಗುರುತಿಸುವ ಸಂಖ್ಯೆ) ಮತ್ತು ದರದ ಪಟ್ಟಿಯನ್ನು ಒಮ್ಮೆ ಅಕೌಂಟೆಂಟರಿಂದ ಪರೀಕ್ಷೆ ಮಾಡಿಸಿ, ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಹಾಕಿಡಿ. ಪಟ್ಟಿಯ ತಲೆಯಲ್ಲಿ ತಾರೀಖು ಬರೆಯಿರಿ. ಜಿಎಸ್‌ಟಿ ಮಂಡಳಿ ಸಭೆ ಆದಾಗಲೆಲ್ಲ ಮತ್ತೊಮ್ಮೆ ನೋಡಿಸಿ. ಎಐಯಿಂದ ಪಟ್ಟಿಯನ್ನು ಅಚ್ಚುಕಟ್ಟು ಮಾಡಿಸಬಹುದು, ದರ ತುಂಬಿಸಬೇಡಿ.

ಇನ್ನು ಜಾಹೀರಾತಿನ ಚಿತ್ರ. ದಾವಣಗೆರೆ ಬೆಣ್ಣೆ ದೋಸೆ ಅಂತ ಹೇಳಿ ಚಿತ್ರ ಮಾಡಿಸಿದರೆ ಸಾಮಾನ್ಯವಾಗಿ ಬರುವುದು ಉದ್ದಕ್ಕೆ ಸುರುಳಿ ಸುತ್ತಿದ ಕೆಂಪು ಮಸಾಲೆ ದೋಸೆ, ಪಕ್ಕದಲ್ಲಿ ಸಾಂಬಾರು ಬಟ್ಟಲು. ನಮ್ಮೂರ ದೋಸೆ ಚಿಕ್ಕದು, ದಪ್ಪ, ಒಳಗೆ ಮೆತ್ತಗೆ. ಜೊತೆಗೆ ಬಿಳಿ ಕಾಯಿ ಚಟ್ನಿ, ಆಲೂಗಡ್ಡೆ ಪಲ್ಯ. ಸಾಂಬಾರು ಕಂಡ ಕೂಡಲೇ ಊರಿನವರು ನಗುತ್ತಾರೆ. ನಗು ಬಿಡಿ, ಇಲ್ಲದ ಮಾಲು ತೋರಿಸಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಸ್ವಂತ ಹಂಚಿನ ಮೇಲಿನ ದೋಸೆಯನ್ನು ಬೆಳಗಿನ ಬೆಳಕಿನಲ್ಲಿ ಫೋನಿನಲ್ಲೇ ತೆಗೆಯಿರಿ. ಹಿನ್ನೆಲೆ ಸ್ವಚ್ಛ ಮಾಡುವುದಕ್ಕೆ ಮಾತ್ರ ಎಐ ಸಾಕು. ಚಿತ್ರದೊಳಗೆ ಕನ್ನಡ ಅಕ್ಷರ ಬರೆಸಲೇಬೇಡಿ. ಅದು ಅಕ್ಷರವನ್ನು ಗೆರೆಗಳ ಆಕಾರವೆಂದು ಬಿಡಿಸುತ್ತದೆ, "ಬೆಣ್ಣೆ"ಯ ಕೆಳಗಿನ ಒತ್ತು ಮಾಯವಾಗಿ "ಬೆಣೆ" ಆಗಿಬಿಡಬಹುದು. ಖಾಲಿ ಜಾಗ ಬಿಡಿಸಿಕೊಂಡು ಅಕ್ಷರಗಳನ್ನು ಕನ್ನಡ ಫಾಂಟಿನಲ್ಲಿ ಬೇರೆಯಾಗಿ ಕೂರಿಸಿ. ಸೀರೆಯ ವಿವರಣೆ ಬರೆಸಿದರೆ "ಕೈಮಗ್ಗದ", "ಅಪ್ಪಟ ರೇಷ್ಮೆ" ಅನ್ನುವ ಮಾತು ಕೇಳದೆಯೇ ಸೇರಿಕೊಳ್ಳುತ್ತದೆ. ಮಾಲು ಪವರ್‌ಲೂಮಿನದಾದರೆ ಅದು ಸುಳ್ಳು, ಹೊಡೆದು ಹಾಕಿ.

ವಾಟ್ಸಾಪಿನಲ್ಲಿ ಗ್ರಾಹಕರಿಗೆ ತಾನೇ ಉತ್ತರಿಸುವ ಬಾಟ್ ಹಾಕುವವರು ಏರ್ ಕೆನಡಾ ವಿಮಾನ ಕಂಪನಿಯ ಪ್ರಕರಣ ನೆನಪಿಡಿ. ಪ್ರಯಾಣ ಮುಗಿದ ಮೇಲೂ ರಿಯಾಯಿತಿಗೆ ಅರ್ಜಿ ಹಾಕಬಹುದು ಅಂತ ಅದರ ಬಾಟ್ ತಪ್ಪು ಹೇಳಿತ್ತು. ಬಾಟ್ ಮಾತಿಗೆ ತಾನು ಹೊಣೆಯಲ್ಲ ಎಂಬ ಕಂಪನಿಯ ವಾದವನ್ನು 2024ರಲ್ಲಿ ಅಲ್ಲಿನ ನ್ಯಾಯಮಂಡಳಿ ಒಪ್ಪಲಿಲ್ಲ, ದುಡ್ಡು ಕೊಡಿಸಿತು. ಅಂಗಡಿ ತೆರೆಯುವ ಸಮಯ, ವಿಳಾಸ, ಯಾವ ಮಾಲು ಸಿಗುತ್ತದೆ, ಇಷ್ಟಕ್ಕೆ ಬಾಟ್ ಉತ್ತರಿಸಲಿ. ರೇಟು, ವಾಪಸಾತಿ, ಉದ್ರಿ ಕೇಳಿದರೆ "ಅಂಗಡಿಯವರು ಫೋನ್ ಮಾಡ್ತಾರೆ" ಎಂಬ ಒಂದೇ ಉತ್ತರ ಕಟ್ಟಿಡಿ. ಧ್ವನಿ ಸಂದೇಶದಲ್ಲಿ "ಒಂದೂವರೆ", "ಮುಕ್ಕಾಲು" ಬಂದಾಗ ತಪ್ಪಾಗುವ ಸಂಭವ ಹೆಚ್ಚು. ಆರ್ಡರನ್ನು ಅಂಕಿಯಲ್ಲಿ ಬರೆದು ಕಳಿಸಿ, ಗ್ರಾಹಕರು ಹೂಂ ಅಂದ ಮೇಲೇ ತೂಗಿ. ಮೊದಲ 15 ದಿನ ರಾತ್ರಿ ಅಂಗಡಿ ಮುಚ್ಚುವ ಮೊದಲು ಎಲ್ಲ ಸಂಭಾಷಣೆ ಓದಿ.

ಮೆಕ್ಕೆಜೋಳದ ವ್ಯಾಪಾರಸ್ಥರಿಗೆ ಒಂದೇ ಮಾತು: ಇವತ್ತಿನ ರೇಟನ್ನು ಎಐ ಹತ್ತಿರ ಕೇಳಬೇಡಿ. 2025-26ರ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ. ಅದನ್ನೇ ಮಾರುಕಟ್ಟೆ ದರ ಅಂತ ಹೇಳಿಬಿಡಬಹುದು. ಎಪಿಎಂಸಿ ಆವಕ ಮತ್ತು ದರಕ್ಕೆ ಕೃಷಿ ಮಾರಾಟ ವಾಹಿನಿ ಜಾಲತಾಣ ಇದೆ.

ಉದ್ರಿ ಪುಸ್ತಕದ ಫೋಟೋ ಹಾಕಿ ಲೆಕ್ಕ ಮಾಡಿಸುವುದು ಸುಲಭ ಅನ್ನಿಸುತ್ತದೆ. ಆದರೆ ಆ ಪುಟದಲ್ಲಿ ಊರಿನ ಅರ್ಧ ಜನರ ಹೆಸರು, ಫೋನ್ ನಂಬರು, ಸಾಲ ಇರುತ್ತದೆ. ಹೆಸರಿನ ಕಾಲಂ ಮೇಲೆ ಕಾಗದ ಇಟ್ಟು ಮುಚ್ಚಿ ಫೋಟೋ ತೆಗೆಯಿರಿ. ಚಾಟ್‌ಜಿಪಿಟಿಯಾದರೆ ಸೆಟ್ಟಿಂಗ್ಸ್‌ನ ಡೇಟಾ ಕಂಟ್ರೋಲ್ಸ್‌ಗೆ ಹೋಗಿ "ಇಂಪ್ರೂವ್ ದಿ ಮಾಡೆಲ್ ಫಾರ್ ಎವ್ರಿಒನ್" ಆಫ್ ಮಾಡಿ. ಕೈಬರಹದ ಕನ್ನಡ ಅಂಕಿಗಳಲ್ಲಿ ೬ ಮತ್ತು ೯ ಅದಲುಬದಲಾಗಬಹುದು. ಪುಟದ ಮೊತ್ತವನ್ನು ಕ್ಯಾಲ್ಕುಲೇಟರಿನಲ್ಲಿ ಒಮ್ಮೆ ಕೂಡಿ ತಾಳೆ ನೋಡಿ. ವ್ಯತ್ಯಾಸ 30 ಅಥವಾ 300 ಬಂದರೆ ಮೊದಲು ಈ ಎರಡು ಅಂಕಿಗಳನ್ನೇ ಹುಡುಕಿ.

ಆಟೋಪೇಗೆ ಒಪ್ಪಿಗೆ ಕೊಟ್ಟು ಪುಕ್ಕಟೆ ಪಡೆದ ಎಐ ಪ್ಲಾನುಗಳ ಅವಧಿ ಮುಗಿದ ಮೇಲೆ ದುಡ್ಡು ತಾನಾಗಿ ಕಟ್ಟಾಗಬಹುದು. ಒಪ್ಪಿಗೆ ಕೊಟ್ಟ ದಿನವೇ ಮುಗಿಯುವ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬೇಡವಾದರೆ ಅದಕ್ಕೆ ಒಂದು ವಾರ ಮುಂಚೆ ಯುಪಿಐ ಆ್ಯಪಿನ ಆಟೋಪೇ ಪಟ್ಟಿ ತೆರೆದು ರದ್ದು ಮಾಡಿ. ಫೋನಿನಿಂದ ಆ್ಯಪ್ ತೆಗೆದು ಹಾಕಿದರೆ ಆಟೋಪೇ ನಿಲ್ಲುವುದಿಲ್ಲ.