ವಿದೇಶದಿಂದ ಹಸ್ತಾಂತರವಾಗಿ ಬಂದ ಆರೋಪಿ: ಚಾರ್ಜ್‌ಶೀಟಿಗಿಂತ ಮೊದಲು ಓದಬೇಕಾದ ಕಾಗದ

ಗಡೀಪಾರು, ಹಸ್ತಾಂತರ ಬೇರೆ ಬೇರೆ; ಪತ್ರಿಕೆಗಳು ಎರಡಕ್ಕೂ ‘ಗಡೀಪಾರು’ ಎಂದೇ ಬರೆಯುತ್ತವೆ. ಗೊಂದಲ ಅಲ್ಲಿಂದಲೇ ಶುರು. ವೀಸಾ ಮುಗಿದವನನ್ನು ಆ ದೇಶವೇ ವಿಮಾನ ಹತ್ತಿಸಿ ಕಳಿಸಿದ್ದರೆ ಅದು ಗಡೀಪಾರು. ಭಾರತ ಸರ್ಕಾರ ಕೇಳಿ, ಅಲ್ಲಿನವರು ಆದೇಶ ಮಾಡಿ ಒಪ್ಪಿಸಿದ್ದರೆ ಹಸ್ತಾಂತರ. 1962ರ ಹಸ್ತಾಂತರ ಕಾಯ್ದೆಯ 21ನೇ ಕಲಂ ರಕ್ಷಣೆ (ಯಾವುದಕ್ಕೆ ಒಪ್ಪಿಸಿದ್ದಾರೋ ಅದನ್ನು ಮೀರಿ ವಿಚಾರಣೆ ನಡೆಸಬಾರದೆಂಬ ಮಿತಿ) ಎರಡನೆಯವನಿಗೆ ಮಾತ್ರ. ಬಳ್ಳಾರಿ ಕೋರ್ಟಿನಲ್ಲಿ ವಕಾಲತ್ತು ಹಾಕಿದ ದಿನವೇ ಒಪ್ಪಿಸಿದ ಆದೇಶದ ದೃಢೀಕೃತ ನಕಲಿಗೆ ಅರ್ಜಿ ಕೊಡಿ.

ಆದೇಶ ಬಂದಮೇಲೆ ಚಾರ್ಜ್‌ಶೀಟ್ ಅದರ ಪಕ್ಕದಲ್ಲಿಟ್ಟು ಒಂದೊಂದೇ ಕಲಂ ತಾಳೆ ನೋಡಿ. ವಿಚಾರಣೆ ನಡೆಸಬಹುದಾದದ್ದು ಮೂರನ್ನೇ: ಒಪ್ಪಿಸಿದ ಅಪರಾಧ, ಅದೇ ಸಂಗತಿಗಳಿಂದ ಹೊರಡುವ ಕಡಿಮೆ ಶಿಕ್ಷೆಯ ಅಪರಾಧ, ಆ ದೇಶ ಒಪ್ಪಿಗೆ ಕೊಟ್ಟ ಅಪರಾಧ. ಫೈನಾನ್ಸ್ ನಡೆಸಿ ಠೇವಣಿ ಮುಳುಗಿಸಿದವನನ್ನು ಐಪಿಸಿ (ಹಳೆಯ ಭಾರತೀಯ ದಂಡ ಸಂಹಿತೆ) 420ಕ್ಕೆ, ಅಂದರೆ ವಂಚನೆಗೆ, ಒಪ್ಪಿಸಿದ್ದಾರೆ ಎನ್ನಿ. (ಕೃತ್ಯ 2024ರ ಜುಲೈ 1ಕ್ಕೂ ಮೊದಲಿನದಾದರೆ ಐಪಿಸಿಯೇ.) 420ಕ್ಕೆ 7 ವರ್ಷದವರೆಗೆ ಶಿಕ್ಷೆ. ಅದೇ ಠೇವಣಿ ಸಂಗತಿಯಿಂದ 406 (ನಂಬಿಕೆ ದ್ರೋಹ) ಹೊರಟರೆ 3 ವರ್ಷ, ನಡೆಯುತ್ತದೆ. 409ಕ್ಕೆ (ಸರ್ಕಾರಿ ನೌಕರ, ಬ್ಯಾಂಕರ್, ಏಜೆಂಟ್ ಮುಂತಾದವರ ನಂಬಿಕೆ ದ್ರೋಹ) ಜೀವಾವಧಿಯವರೆಗೂ ಇದೆ. ಆದೇಶದಲ್ಲಿಲ್ಲದಿದ್ದರೆ ಒಪ್ಪಿಗೆ ಬೇಕು. ಅವನ ಮೇಲೆ ಕೊಪ್ಪಳದಲ್ಲಿ ಹಳೆಯ ಹೊಡೆದಾಟದ ಕೇಸಿದ್ದರೆ? ಶಿಕ್ಷೆ ಕಡಿಮೆಯೇ, ಸಂಗತಿ ಬೇರೆ. ಹಾಗಾಗಿ ಒಪ್ಪಿಗೆಯಿಲ್ಲದೆ ನಡೆಯದು. ಎಡವುವುದು ಹೆಚ್ಚಾಗಿ ಇಲ್ಲೇ: ಕೊಪ್ಪಳದ ಕೋರ್ಟಿನಿಂದ ಬಾಡಿ ವಾರಂಟ್ (ಜೈಲಿನಲ್ಲಿರುವವನನ್ನು ಹಾಜರುಪಡಿಸುವ ಆದೇಶ) ಬಂತೆಂದು ಜೈಲಿನವರು ಕರೆದೊಯ್ಯುತ್ತಾರೆ, ಆದೇಶವನ್ನು ಯಾರೂ ಮುಂದಿಟ್ಟಿರುವುದಿಲ್ಲ.

ಒಪ್ಪಿಗೆಯನ್ನು ಎಸ್‌ಪಿ ಕಚೇರಿ ನೇರವಾಗಿ ವಿದೇಶಕ್ಕೆ ಬರೆದು ತರಿಸಲಾಗದು. ಕೇಂದ್ರ ಸರ್ಕಾರದ ಮೂಲಕವೇ ಹೋಗಬೇಕು.

21ನೇ ಕಲಂ ಆಕ್ಷೇಪವನ್ನು ಆರೋಪ ಹೊರಿಸುವ ಮೊದಲೇ ಎತ್ತಿ. ವಾರಂಟ್ ಕೇಸಿನಲ್ಲಿ ಡಿಸ್ಚಾರ್ಜ್ (ಆರೋಪ ಹೊರಿಸದೆ ಬಿಡುಗಡೆ) ಅರ್ಜಿಗೆ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ 262ರಂತೆ ಚಾರ್ಜ್‌ಶೀಟ್ ದಾಖಲೆಗಳ ಪ್ರತಿಗಳು ಕೈಸೇರಿದಂದಿನಿಂದ 60 ದಿನವಷ್ಟೇ.

ಪರಾರಿಯಾದವನ ಫೈಲು ಸಾಮಾನ್ಯವಾಗಿ ಸಹ ಆರೋಪಿಗಳ ಕೇಸಿನಿಂದ ಬೇರ್ಪಟ್ಟು (ಸ್ಪ್ಲಿಟ್ ಅಪ್) ಎಲ್‌ಪಿಸಿಯಲ್ಲಿ, ಅಂದರೆ ದೀರ್ಘಕಾಲ ಬಾಕಿಯಿರುವ ಕೇಸುಗಳ ಪಟ್ಟಿಯಲ್ಲಿ, ಮಲಗಿರುತ್ತದೆ. ಸಹ ಆರೋಪಿಗಳ ವಿಚಾರಣೆಯಲ್ಲಿ ಸಾಕ್ಷಿಗಳು ಹೇಳಿದ್ದನ್ನು ಹಾಗೇ ಇವನ ಮೇಲೆ ಓದಲಾಗದು, ಮತ್ತೆ ಕರೆಸಬೇಕು. ಅವನ ಗೈರಿನಲ್ಲಿ ಸಿಆರ್‌ಪಿಸಿ 299ರಡಿ (ಈಗ ಬಿಎನ್‌ಎಸ್‌ಎಸ್ 335) ದಾಖಲಿಸಿದ ಸಾಕ್ಷ್ಯ, ಸಾಕ್ಷಿ ಸತ್ತಿದ್ದರೆ, ಸಾಕ್ಷ್ಯ ಹೇಳಲಾಗದ ಸ್ಥಿತಿಯಲ್ಲಿದ್ದರೆ, ಸಿಗದಿದ್ದರೆ ಅಥವಾ ಅತಿಯಾದ ವಿಳಂಬ, ಖರ್ಚು, ತೊಂದರೆಯಿಲ್ಲದೆ ಕರೆಸಲಾಗದಿದ್ದರೆ ಮಾತ್ರ ಬಳಕೆಗೆ ಬರುತ್ತದೆ.

ಶಿಕ್ಷೆಯ ಬಗ್ಗೆ ಭಾರತ ಸರ್ಕಾರ ಆ ದೇಶಕ್ಕೆ ಕೊಟ್ಟ ಭರವಸೆ ಪತ್ರವನ್ನೂ ತರಿಸಿ. 2005ರಲ್ಲಿ ಪೋರ್ಚುಗಲ್ ಒಪ್ಪಿಸಿದ ಅಬು ಸಲೇಂ ಪ್ರಕರಣದಲ್ಲಿ 25 ವರ್ಷ ಮೀರಿ ಜೈಲಿನಲ್ಲಿಡುವುದಿಲ್ಲವೆಂಬ ಭರವಸೆಯನ್ನು ಸರ್ಕಾರ ಪಾಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು.

ಹೈಕೋರ್ಟಿಗೆ ಹೋಗುವುದಾದರೆ ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ, ರಾಯಚೂರಿನವರಿಗೆ ಕಲಬುರಗಿ.