ಗವರ್ನರಿಗೆ ಕೈ ಹಾಕುವ ಮೊದಲು

ಮಲ್ಪೆಯ ಧಕ್ಕೆಯಲ್ಲಿ, ಅಂದರೆ ಮೀನಿನ ಬೋಟುಗಳು ನಿಲ್ಲುವ ಕಟ್ಟೆಯಲ್ಲಿ, ಬೋಟಿನ ಎಂಜಿನ್ ಒಂದೇ ವೇಗದಲ್ಲಿ ನಿಲ್ಲದೆ ಏರಿಳಿಯತೊಡಗಿತೆಂದರೆ ಎಲ್ಲರ ಬಾಯಲ್ಲೂ ಬರುವ ಮೊದಲ ಮಾತು "ಗವರ್ನರ್ ಹೋಯ್ತು". ಗವರ್ನರ್ ಎಂದರೆ ಡೀಸೆಲ್ ಹೆಚ್ಚುಕಡಿಮೆ ಮಾಡಿ ಎಂಜಿನಿನ ವೇಗ ಕಾಯುವ ಭಾಗ, ಸಿಲಿಂಡರುಗಳಿಗೆ ಡೀಸೆಲ್ ಒತ್ತಿ ಕೊಡುವ ಪಂಪಿಗೇ ಅಂಟಿಕೊಂಡಿರುತ್ತದೆ. ಮರುದಿನ ಆ ಪಂಪು ಬಿಚ್ಚಿ ಪಂಪಿನ ಅಂಗಡಿ ಸೇರಿರುತ್ತದೆ. ನಾನು ಇಲ್ಲಿ ಬೋಟ್ ಎಂಜಿನ್ ಕೆಲಸ ಮಾಡುವವನು. ಗವರ್ನರ್ ನಿಜವಾಗಿ ಕೆಟ್ಟದ್ದನ್ನು ನಾನು ನೋಡಿದ್ದು ಕಡಿಮೆ. ಹೆಚ್ಚಿನ ಸಲ ಅದರ ಕೆಲಸ ಅದು ಮಾಡುತ್ತಲೇ ಇರುತ್ತದೆ. ಪಂಪಿಗೆ ಬರುವ ಡೀಸೆಲ್ಲೋ, ಲಿವರ್ ಎಳೆಯುವ ಕೇಬಲ್ಲೋ ಸರಿ ಇರುವುದಿಲ್ಲ.

ಕಳೆದ ಸೀಸನ್ನಿನಲ್ಲಿ ಬಂದ ಒಂದು ಟ್ರಾಲ್ ಬೋಟಿನ ವಿಷಯ ಹೇಳುತ್ತೇನೆ. ವಾರಕ್ಕಿಂತ ಹೆಚ್ಚು ಹೊರಗೆ ಉಳಿಯುವ ಆಳಸಮುದ್ರದ ಬೋಟು, ಆರು ಸಿಲಿಂಡರಿನ ಎಂಜಿನ್, ಇನ್‌ಲೈನ್ ಪಂಪು, ಅದರ ಬೆನ್ನಿಗೆ ಯಾವ ವೇಗಕ್ಕಿಟ್ಟರೂ ಅದನ್ನೇ ಕಾಯುವ ಆರ್‌ಎಸ್‌ವಿ ಗವರ್ನರ್. ಸ್ಲೋದಲ್ಲಿ, ಅಂದರೆ ಭಾರವಿಲ್ಲದೆ ನಿಧಾನ ಓಡುವಾಗ, ನಿಮಿಷಕ್ಕೆ 650 ಸುತ್ತಿಗೆ (ಆರ್‌ಪಿಎಂ) ನಿಲ್ಲಬೇಕಾದದ್ದು 550ರಿಂದ 800ರವರೆಗೆ ಹೋಗಿ ಬಂದು ಮಾಡುತ್ತಿತ್ತು. ಬಲೆ ಎಳೆಯುವಾಗ 1500ರಿಂದ 1200ಕ್ಕೆ ಬೀಳುವುದು, ಸ್ವಲ್ಪ ಹೊತ್ತು ಬಿಟ್ಟು ತಾನೇ ಏಳುವುದು. ಮಾಲಕರು ಆಗಲೇ ಪಂಪು ಬಿಚ್ಚಿಸಿ ಕ್ಯಾಲಿಬ್ರೇಷನ್ ಮಾಡಿಸಿ ತಂದಿದ್ದರು. ಧಕ್ಕೆಯಲ್ಲಿ ಎಂಜಿನ್ ಗಡಿಯಾರದ ಹಾಗೆ ಓಡಿತಂತೆ. ಸಮುದ್ರಕ್ಕೆ ಹೋದ ಮೇಲೆ ಮತ್ತೆ ಅದೇ ರಾಗ.

ನಾನು ಸ್ಪ್ಯಾನರ್ ತೆಗೆಯುವ ಮೊದಲು ಬೋಟು ನಡೆಸುವ ತಾಂಡೇಲರನ್ನು ಕೂರಿಸಿ ಕೇಳಿದೆ. ಇದು ಶುರುವಾಗುವುದು ಯಾವಾಗ?

"ಹೊರಟ ದಿನ ಎಂತದೂ ಇಲ್ಲ ಮಾರಾಯ್ರೆ. ಮೂರ್ನಾಲ್ಕು ದಿನ ಆದ ಮೇಲೆ ಸುರು. ಬಲದ ಟ್ಯಾಂಕಿ ಬಂದ್ ಮಾಡಿ ಎಡದ್ದು ಬಿಟ್ರೆ ಸ್ವಲ್ಪ ಹೊತ್ತಲ್ಲಿ ಸರಿ ಆಗ್ತದೆ."

"ಇದನ್ನು ಮೊದಲೇ ಯಾರಿಗಾದ್ರೂ ಹೇಳಿದ್ರಾ?"

"ಯಾರೂ ಕೇಳ್ಲಿಲ್ಲ."

ಅರ್ಧ ಕೆಲಸ ಅಲ್ಲೇ ಮುಗಿದಿತ್ತು. ಗವರ್ನರಿಗೆ ಯಾವ ಟ್ಯಾಂಕಿಯ ಡೀಸೆಲ್ ಎಂದು ಗೊತ್ತಾಗುವುದಿಲ್ಲವಲ್ಲ. ಮಾಲಕರಿಗೆ ಒಂದೇ ಮಾತು ಹೇಳಿದೆ: ಮುಂದಿನ ಸಲ ಬೋಟು ಬಂದು ಮೀನು ಇಳಿಸಿದ ಕೂಡಲೇ ನನಗೆ ಫೋನ್ ಮಾಡಿ, ನಾನು ಬರುವವರೆಗೆ ಡೀಸೆಲ್ ಹಾಕಬೇಡಿ.

ಹಾಗೆಯೇ ಆಯಿತು. ಬಲದ ಟ್ಯಾಂಕಿಯಲ್ಲಿ ಡೀಸೆಲ್ ತಳದಿಂದ ಒಂದು ಗೇಣಿನಷ್ಟು ಮಾತ್ರ ಇತ್ತು. ಎಂಜಿನ್ ಸ್ಟಾರ್ಟ್ ಮಾಡಿದರೆ ಧಕ್ಕೆಯಲ್ಲೇ ಏರಿಳಿತ. ಇಷ್ಟು ದಿನ ಮೆಕ್ಯಾನಿಕ್ ಬರುವಷ್ಟರಲ್ಲಿ ಟ್ಯಾಂಕಿ ತುಂಬಿಸಿಬಿಡುತ್ತಿದ್ದರು, ತೊಂದರೆ ಅಡಗಿ ಕೂರುತ್ತಿತ್ತು.

ಕಾರಣ ಅಂದಾಜಿದ್ದರೂ ನಾನು ಮೊದಲು ಮೀಟರ್ ನೋಡುತ್ತೇನೆ. ಆಲ್ಟರ್ನೇಟರಿನಿಂದ ಓಡುವ ಆರ್‌ಪಿಎಂ ಮೀಟರ್ ಬೆಲ್ಟ್ ಜಾರಿದರೂ ಕುಣಿಯುತ್ತದೆ. ಕ್ರ್ಯಾಂಕ್ ಪುಲ್ಲಿಗೆ ಹೊಳೆಯುವ ಟೇಪಿನ ಚೂರು ಅಂಟಿಸಿ ಕೈಯಲ್ಲಿ ಹಿಡಿಯುವ ಲೇಸರ್ ಟ್ಯಾಕೋಮೀಟರಿನಲ್ಲಿ ಅಳೆದೆ. ಏರಿಳಿತ ನಿಜವೇ.

ಎರಡನೆಯದು ಕೇಬಲ್. ಗವರ್ನರ್ ಲಿವರಿನಿಂದ ಬೋಟು ನಡೆಸುವ ಕೋಣೆಯಿಂದ (ವೀಲ್‌ಹೌಸ್) ವೇಗ ಏರಿಸಿ ಇಳಿಸುವ ರೇಸ್ ಕೇಬಲ್ ಕಳಚಿ, ಲಿವರನ್ನು ಸ್ಲೋ ಸ್ಕ್ರೂಗೆ ಒತ್ತಿ ಕೈಯಲ್ಲೇ ಹಿಡಿದೆ. ಆಗಲೂ ಏರಿಳಿಯುತ್ತಿತ್ತು, ಹಾಗಾಗಿ ಕೇಬಲ್ ಬಚಾವ್. ಕೇಬಲ್ಲಿನ ತೊಂದರೆ ಸಣ್ಣದೆಂದು ತಿಳಿಯಬೇಡಿ. ಉಪ್ಪು ಹಿಡಿದು ಒಳಗಿನ ತಂತಿ ಬಿಗಿಯಾದರೆ ರೇಸ್ ಇಳಿಸಿದರೂ ಎಂಜಿನ್ ಇಳಿಯುವುದಿಲ್ಲ. ಹೊರ ಕವಚದ ಕ್ಲಾಂಪ್ ಸಡಿಲಾದರೆ ವೀಲ್‌ಹೌಸಿನಲ್ಲಿ ಪೂರ್ತಿ ರೇಸ್ ಕೊಟ್ಟರೂ ಇತ್ತ ಲಿವರ್ ಮ್ಯಾಕ್ಸಿಮಮ್ ಸ್ಕ್ರೂವನ್ನು ಮುಟ್ಟಿರುವುದಿಲ್ಲ. "ಎಂಜಿನಿಗೆ ದಮ್ ಇಲ್ಲ" ಎಂದು ಬಂದ ಎಷ್ಟೋ ಬೋಟುಗಳು ಕ್ಲಾಂಪ್ ಬಿಗಿ ಮಾಡಿದ ಮೇಲೆ ಸರಿಯಾಗಿ ಹೋಗಿವೆ.

ಮೂರನೆಯದು ಕ್ಯಾನ್ ಪರೀಕ್ಷೆ, ನನಗೆ ಎಲ್ಲಕ್ಕಿಂತ ನಂಬಿಕೆ ಇದರ ಮೇಲೆ. ಹತ್ತು ಲೀಟರ್ ಕ್ಯಾನಿನಲ್ಲಿ ಶುದ್ಧ ಡೀಸೆಲ್ ತುಂಬಿ, ಪಂಪಿಗಿಂತ ಎತ್ತರದಲ್ಲಿ ಕಟ್ಟಿ, ಹೊಸ ಹೋಸಿನಿಂದ ನೇರ ಫೀಡ್ ಪಂಪಿಗೆ, ಅಂದರೆ ಟ್ಯಾಂಕಿಯಿಂದ ಡೀಸೆಲ್ ಎಳೆದು ದೊಡ್ಡ ಪಂಪಿಗೆ ಕೊಡುವ ಸಣ್ಣ ಪಂಪಿಗೆ, ಕೊಟ್ಟೆ. ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಟ್ಟು, ಹ್ಯಾಂಡ್ ಪ್ರೈಮರ್ ಒತ್ತಿ ಏರ್ ತೆಗೆದು ಸ್ಟಾರ್ಟ್ ಮಾಡಿದೆ. 650ಕ್ಕೆ ಬಂದು ನಿಂತಿತು, ಅಲುಗಾಡಲಿಲ್ಲ. ರೇಸ್ ಏರಿಸಿ ಇಳಿಸಿದರೂ ಕೂಡಲೇ ಬಂದು ಕೂತಿತು. ಪಂಪು, ಗವರ್ನರ್, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಜಲ್ ಎಲ್ಲದರ ಮೇಲಿನ ಆರೋಪ ಒಟ್ಟಿಗೆ ಹೋಯಿತು.

ಬಲದ ಟ್ಯಾಂಕಿಯ ಲೈನನ್ನು ಮತ್ತೆ ಜೋಡಿಸಿ, ಅದು ಫೀಡ್ ಪಂಪಿಗೆ ಸೇರುವ ಕಡೆ ಒಂದು ತುಂಡು ಪಾರದರ್ಶಕ ಹೋಸ್ ಹಾಕಿದೆ. ಅದರಲ್ಲಿ ಗುಳ್ಳೆಗಳ ಮೆರವಣಿಗೆ. ಎಡದ ಟ್ಯಾಂಕಿಗೆ ತಿರುಗಿಸಿದಾಗ ಗುಳ್ಳೆ ನಿಂತಿತು.

ಗಾಳಿ ಹೊಕ್ಕರೆ ಎಂಜಿನ್ ಏಕೆ ಏರಿಳಿಯುತ್ತದೆ ಎಂದು ಮಾಲಕರು ಕೇಳಿದರು. ಡೀಸೆಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪಂಪಿನೊಳಗಿನ ಪ್ಲಂಜರ್ (ಒತ್ತುವ ಕಡ್ಡಿ) ಕೊಟ್ಟ ಒತ್ತಡವನ್ನು ಗುಳ್ಳೆ ನುಂಗಿಬಿಡುತ್ತದೆ, ನಾಜಲ್ ತೆರೆಯುವುದಿಲ್ಲ, ಎಂಜಿನ್ ಇಳಿಯುತ್ತದೆ. ಗವರ್ನರಿನೊಳಗೆ ತಿರುಗುವ ತೂಕಗಳು ಒಳಗೆ ಮಡಚುತ್ತವೆ, ಸ್ಪ್ರಿಂಗು ಡೀಸೆಲ್ ಎಷ್ಟು ಹೋಗಬೇಕೆಂದು ನಿರ್ಧರಿಸುವ ರ‍್ಯಾಕನ್ನು ಹೆಚ್ಚು ಡೀಸೆಲ್ ಕಡೆಗೆ ತಳ್ಳುತ್ತದೆ. ಅಷ್ಟರಲ್ಲಿ ಗುಳ್ಳೆ ದಾಟಿ ಒಳ್ಳೆ ಡೀಸೆಲ್ ಬಂದಾಗ ಎಂಜಿನ್ ಒಮ್ಮೆಲೇ ಏರುತ್ತದೆ, ತೂಕಗಳು ಹೊರಗೆ ಚಿಮ್ಮಿ ರ‍್ಯಾಕನ್ನು ಹಿಂದಕ್ಕೆ ತರುತ್ತವೆ. ಮುಂದಿನ ಗುಳ್ಳೆಗೆ ಮತ್ತೆ ಅದೇ. ಗವರ್ನರ್ ಸರಿ ಇರುವುದರಿಂದಲೇ ಹೀಗಾಗುವುದು.

ಟ್ಯಾಂಕಿಯಿಂದ ಫೀಡ್ ಪಂಪಿನವರೆಗಿನ ಲೈನಿನಲ್ಲಿ ಇರುವುದು ಎಳೆತ. ಅಲ್ಲಿ ಬಿರುಕಿದ್ದರೆ ಎಂಜಿನ್ ಓಡುವಾಗ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಡೀಸೆಲ್ ಹೊರಗೆ ಬರುವುದಿಲ್ಲ. ಹಾಗಾಗಿ ಎಲ್ಲಿ ಒದ್ದೆಯಾಗಿದೆ ಎಂದು ಹುಡುಕಿ ಪ್ರಯೋಜನವಿಲ್ಲ. ನಟ್ಟುಗಳನ್ನು ಬಿಗಿ ಮಾಡಿದೆ, ತಾಮ್ರದ ವಾಷರ್ ಬದಲಿಸಿದೆ, ವಾಲ್ವಿನ ಗ್ಲ್ಯಾಂಡ್ ನೋಡಿದೆ. ಗುಳ್ಳೆ ಹಾಗೇ. ಕೊನೆಗೆ ಟ್ಯಾಂಕಿಯ ಮೇಲಿನಿಂದ ಒಳಗೆ ಇಳಿದಿರುವ ಸಕ್ಷನ್ ಪೈಪನ್ನೇ ಎಳೆದು ತೆಗೆದೆ. ಮಧ್ಯದಲ್ಲಿ ಒಂದು ವೆಲ್ಡಿಂಗ್ ಜೋಡಣೆ, ಅದರ ಅಂಚಿನಲ್ಲಿ ಕೂದಲೆಳೆಯ ಬಿರುಕು. ಒಂದು ತುದಿ ಮುಚ್ಚಿ ಬಕೆಟ್ ನೀರಿನಲ್ಲಿ ಅದ್ದಿ ಊದಿದಾಗ ಅಲ್ಲಿಂದಲೇ ಗುಳ್ಳೆ ಬಂತು.

ಟ್ಯಾಂಕಿ ತುಂಬಿದ್ದಾಗ ಬಿರುಕು ಡೀಸೆಲ್ಲಿನೊಳಗೆ ಮುಳುಗಿರುತ್ತಿತ್ತು, ಎಳೆದರೂ ಡೀಸೆಲ್ಲೇ ಬರುತ್ತಿತ್ತು. ಮಟ್ಟ ಅದಕ್ಕಿಂತ ಕೆಳಗೆ ಹೋದ ದಿನದಿಂದ ಗಾಳಿ. ತಾಂಡೇಲರ ಮೂರ್ನಾಲ್ಕು ದಿನದ ಲೆಕ್ಕ ಅದೇ.

ಬಲೆ ಎಳೆಯುವಾಗ ಆರ್‌ಪಿಎಂ ಬೀಳುವುದಕ್ಕೆ ಬೇರೆ ಕಾರಣಗಳೂ ಇರುತ್ತವೆ, ಅದಕ್ಕೆ ಹೊಗೆಯ ಬಣ್ಣ ನೋಡಬೇಕು. ಹೊಗೆ ಇಲ್ಲದೆ ಬೀಳುತ್ತಿದ್ದರೆ ಡೀಸೆಲ್ ಸಾಲುತ್ತಿಲ್ಲ ಎಂದು ಹಿಡಿಯಿರಿ: ಫಿಲ್ಟರ್ ಕಟ್ಟಿರಬಹುದು, ಗಾಳಿ ಇರಬಹುದು, ಟ್ಯಾಂಕಿಯ ಉಸಿರು ಪೈಪ್ ಮುಚ್ಚಿರಬಹುದು. ಮುಚ್ಚಳ ತೆರೆದ ಕೂಡಲೇ ಸುಯ್ ಎಂದು ಗಾಳಿ ಎಳೆದುಕೊಂಡರೆ ಉಸಿರು ಪೈಪೇ. ಕಪ್ಪು ಹೊಗೆ ಕಾರುತ್ತಾ ಬೀಳುತ್ತಿದ್ದರೆ ಭಾರ ಹೆಚ್ಚಾಗಿದೆ ಇಲ್ಲವೇ ಎಂಜಿನಿಗೆ ಗಾಳಿ ಸಾಲುತ್ತಿಲ್ಲ. ಪ್ರೊಪೆಲ್ಲರಿಗೆ ಹಗ್ಗ ಸುತ್ತಿದೆಯೇ, ದೊಡ್ಡ ಪ್ರೊಪೆಲ್ಲರ್ ಹಾಕಿಸಿದ್ದಾರೆಯೇ, ಏರ್ ಕ್ಲೀನರ್ ಕಟ್ಟಿದೆಯೇ ನೋಡಿ. ಪ್ರೊಪೆಲ್ಲರಿಗೆ ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ, ಶೇ. 10 ಹೆಚ್ಚು ಆರ್‌ಪಿಎಂಗೆ ಸುಮಾರು ಶೇ. 33 ಹೆಚ್ಚು ಶಕ್ತಿ ಬೇಕು. ಅದಕ್ಕೇ ಮೇಲಿನ ಕೊನೆಯ ನೂರು ಆರ್‌ಪಿಎಂ ಅಷ್ಟು ಡೀಸೆಲ್ ಕುಡಿಯುವುದು.

ಹಳೆ ಲಾರಿಯ ಪಂಪು ತಂದು ಹಾಕಿದ್ದರೆ ಗವರ್ನರಿನ ಪ್ಲೇಟ್ ಓದಿ. ಬರೀ ಆರ್‌ಕ್ಯೂ ಎಂದಿದ್ದರೆ ಅದು ಸ್ಲೋ ಮತ್ತು ಮ್ಯಾಕ್ಸಿಮಮ್ ಎರಡನ್ನೇ ಕಾಯುವಂಥದ್ದು. ನಡುವಿನ ವೇಗ ಲಾರಿಯಲ್ಲಿ ಚಾಲಕನ ಕಾಲಿನ ಕೆಲಸ. ಬೋಟಿನಲ್ಲಿ ಅದನ್ನು ಹಾಕಿದರೆ ಪ್ರತಿ ಅಲೆಗೂ ಆರ್‌ಪಿಎಂ ಏಳುತ್ತದೆ, ಬೀಳುತ್ತದೆ. ಅದು ರಿಪೇರಿಯಿಂದ ಸರಿಯಾಗುವಂಥದ್ದಲ್ಲ. ಬೋಟಿಗೆ ಬೇಕಾದದ್ದು ಆರ್‌ಎಸ್‌ವಿ ಅಥವಾ ಆರ್‌ಕ್ಯೂವಿ.

ನನಗೆ ಸಿಟ್ಟು ಬರಿಸುವ ಒಂದು ಕೆಲಸ ಉಂಟು. ಆರ್‌ಎಸ್‌ವಿ ಗವರ್ನರಿನ ಹಿಂಭಾಗದಲ್ಲಿ ಸ್ಲೋದ ಸಹಾಯಕ ಸ್ಪ್ರಿಂಗಿನ ಸ್ಕ್ರೂ ಇರುತ್ತದೆ. ಅದನ್ನು ಒಳಗೆ ತಿರುಗಿಸಿದರೆ ಏರಿಳಿತ ನಿಂತ ಹಾಗೆ ಕಾಣುತ್ತದೆ, ಗಿರಾಕಿ ಖುಷಿಯಾಗಿ ಹಣ ಕೊಡುತ್ತಾರೆ. ಅತಿಯಾಗಿ ಒಳಗೆ ಹೋದರೆ ಮೇಲಿನ ಮಿತಿಯಲ್ಲಿ ಡೀಸೆಲ್ ಕಡಿತವಾಗದೆ, ಗೇರ್ ತಪ್ಪಿಸಿದಾಗ ಎಂಜಿನ್ ಮಿತಿ ಮೀರಿ ಓಡಬಹುದು. ಸೀಸದ ಸೀಲ್ ಇರುವ ಸ್ಕ್ರೂಗಳನ್ನೂ ಪಂಪಿನ ಅಂಗಡಿಯ ಪರೀಕ್ಷಾ ಬೆಂಚಿನ ಮೇಲೆ ಅಳೆದು ತಿರುಗಿಸಬೇಕು, ಧಕ್ಕೆಯಲ್ಲಿ ಕಿವಿಗೊಟ್ಟು ಅಲ್ಲ.

ಎಂಜಿನ್ ಹಾಗೆ ಕೈ ಮೀರಿದರೆ ಗೇರ್ ತಪ್ಪಿಸಬೇಡಿ, ಭಾರ ಹೋದರೆ ಇನ್ನೂ ಏರುತ್ತದೆ. ಸ್ಟಾಪ್ ಲಿವರ್ ಎಳೆಯಿರಿ. ರ‍್ಯಾಕ್ ಸಿಕ್ಕಿಕೊಂಡಿದ್ದರೆ ಅದೂ ಕೆಲಸ ಮಾಡದು. ಆಗ ಏರ್ ಕ್ಲೀನರಿನ ಬಾಯಿಗೆ ದಪ್ಪ ಹಲಗೆ ಒತ್ತಿ ಗಾಳಿ ನಿಲ್ಲಿಸಬೇಕು. ಬರಿಗೈ ಇಡಬಾರದು. ಡೀಸೆಲ್ ವಾಲ್ವ್ ಮುಚ್ಚಿದರೆ ಸಾಲದು, ಫಿಲ್ಟರಿನಲ್ಲಿ ಉಳಿದದ್ದು ಮುಗಿಯುವವರೆಗೆ ಓಡುತ್ತಲೇ ಇರುತ್ತದೆ.

ಈ ಬೋಟಿಗೆ ಜೋಡಣೆ ಇಲ್ಲದ ಒಂದೇ ಪೈಪನ್ನು ಹೊರಗೇ ಮಾಡಿಸಿ, ನೀರು ಮತ್ತು ಕೆಸರು ಎಳೆಯದ ಹಾಗೆ ತಳದಿಂದ ಎರಡು ಬೆರಳು ಮೇಲೆ ನಿಲ್ಲಿಸಿ ಹಾಕಿದೆವು. ಎಡದ ಟ್ಯಾಂಕಿಯ ಪೈಪನ್ನೂ ತೆಗೆದು ನೋಡಿದೆವು. ಅದೇ ಕೈಯ ವೆಲ್ಡಿಂಗ್, ಬಿರುಕು ಇನ್ನೂ ಬಂದಿರಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದಲ್ಲಿ ಬೋಟು ಹೇಗೂ ಮೇಲೆ ಇರುತ್ತದಲ್ಲ, ಆಗ ಬದಲಿಸುವ ಎಂದು ಮಾಲಕರು ಹೇಳಿದರು. ನಾನು ಈಗಲೇ ಮಾಡಿಸಿ ಎಂದೆ. ತಾಂಡೇಲರು ನನ್ನ ಪಕ್ಷ ವಹಿಸಿದ್ದರಿಂದ ಅದೂ ಆ ದಿನವೇ ಆಯಿತು.